ಮೂರು ತಿಂಗಳ ಮೇಸ್ತ್ರಿಯ ನಡುಬಾಗಿಲು

ನನ್ನ ಮಾವನನ್ನು ಊರವರು ಕರೆಯುತ್ತಿದ್ದದ್ದು ‘ಮೂರು ತಿಂಗಳ ಮೇಸ್ತ್ರಿ’ ಎಂದು. ಬಾಗಿಲು ಕಿಟಕಿ ಮಾಡುವ ಬಡಗಿ ಅವರು. ಮಳೆಗಾಲದಲ್ಲಿ ಯಾರಾದರೂ ಏದುಸಿರು ಬಿಡುತ್ತ ಬಂದು, “ಮೇಸ್ತ್ರಿ, ಬಚ್ಚಲಮನೆ ಬಾಗಿಲು ಕಚ್ಕೊಂಡ್ಬಿಟ್ಟಿದೆ, ನಮ್ಮ ಯಜಮಾನ್ರು ಒಳಗೇ ಉಳ್ಕೊಂಡಿದಾರೆ, ಬಂದು ಒಂಚೂರು ಹೆರೆದು ಕೊಡಿ” ಎಂದರೆ, ಹೋಗಿ ಯಜಮಾನರನ್ನು ಬಿಡಿಸಿ ಬರುತ್ತಿದ್ದರು. ಬಾಗಿಲಿಗೆ ಮಾತ್ರ ಉಜ್ಜುಗೊರಡು ಮುಟ್ಟಿಸುತ್ತಿರಲಿಲ್ಲ. “ಈಗ ಮರ ನೀರು ಕುಡಿದು ಊದಿದೆ. ಈಗ ಹೆರೆದ್ರೆ ಒಣಗಾಲದಲ್ಲಿ ಸಂದಿಯಲ್ಲಿ ಬೆಕ್ಕು ಓಡಾಡತ್ತೆ. ಮೂರು ತಿಂಗಳು ತಡೀರಿ, ತಾನೇ ಸರಿಹೋಗತ್ತೆ.” ಮಾರ್ಚಿನಲ್ಲಿ ಕೇಳಿದರೂ ಮೂರು ತಿಂಗಳು, ಸೆಪ್ಟೆಂಬರಿನಲ್ಲಿ ಕೇಳಿದರೂ ಮೂರು ತಿಂಗಳು. ಅಲ್ಲಿಯವರೆಗೆ ಯಜಮಾನರು ಎಲ್ಲಿ ಸ್ನಾನ ಮಾಡಬೇಕು ಎಂಬುದು ಅವರ ತಲೆಗೆ ಹೋಗುತ್ತಿರಲಿಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಒಳನಾಡಿನ ಒಣ ಊರಿನಿಂದ. ನಮ್ಮಲ್ಲಿ ಬಟ್ಟೆ ಒಣಹಾಕಲು ಶುರುಮಾಡಿದರೆ ಕೊನೆಯದನ್ನು ಹಗ್ಗಕ್ಕೆ ಹಾಕುವಷ್ಟರಲ್ಲಿ ಮೊದಲನೆಯದು ಗರಿಗರಿಯಾಗಿರುತ್ತಿತ್ತು. ಇಲ್ಲಿ ಕಡಲಿಗೆ ಮುನ್ನೂರು ಹೆಜ್ಜೆ. ಮೊದಲ ವರ್ಷ ಟವೆಲ್ಲು ಒಣಗಲೆಂದು ಕಾದು ಕಾದು ಸಾಕಾಗಿ, ಒದ್ದೆ ಟವೆಲ್ಲಿನಲ್ಲೇ ಮೈ ಒರೆಸಿಕೊಳ್ಳುವುದನ್ನು ಕಲಿತೆ. ಉಪ್ಪಿನ ಡಬ್ಬಿಗೆ ಚಮಚ ಹಾಕಿದರೆ ಚಮಚ ಬಗ್ಗುತ್ತಿತ್ತು. ಬೆಂಕಿಕಡ್ಡಿ ಗೀರಿದರೆ ಅದರ ತಲೆ ಮಾತ್ರ ಕಿತ್ತು ಬರುತ್ತಿತ್ತು. ಗೋಡೆಯ ಮೇಲಿನ ಮದುವೆ ಫೋಟೋಕ್ಕೆ ಬೂಷ್ಟು ಹಿಡಿದು, ಜೂನ್ ಹೊತ್ತಿಗೆ ಅದರಲ್ಲಿ ನನ್ನ ಗಂಡನಿಗೆ ಗಡ್ಡ ಬೆಳೆದಿತ್ತು. ಅಮ್ಮನಿಗೆ ಕಾಗದ ಬರೆದರೆ ಶಾಯಿ ಹರಡಿಕೊಳ್ಳುತ್ತಿತ್ತು. ಮಗಳು ಅಳುತ್ತ ಬರೆದಿದ್ದಾಳೆ ಎಂದುಕೊಂಡು ಅವಳು ಅಲ್ಲಿ ಅತ್ತಳಂತೆ.

ಇಲ್ಲಿನ ಹವೆಯನ್ನು ನನಗೆ ಕಲಿಸಿದವರು ಇಬ್ಬರು. ಒಬ್ಬರು ಮಾವ, ಇನ್ನೊಬ್ಬರು ಅವರ ಅಕ್ಕ. ನಾವು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆವು. ತಮ್ಮ ಅಪ್ಪನ ಕಾಲದ ಉದ್ದನೆಯ ಮನೆಯನ್ನು ಅಕ್ಕ ತಮ್ಮ ಇಬ್ಬರೂ ಸೇರಿ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದರು. ಕಡಲ ಕಡೆಯದು ದೊಡ್ಡತ್ತೆಯದು, ನೆಲದ ಕಡೆಯದು ನಮ್ಮದು. ಬೀದಿಬಾಗಿಲು ಬೇರೆ ಬೇರೆ. ಒಳಗೆ ಮಾತ್ರ, ಆ ಗೋಡೆಯಲ್ಲಿ ಒಂದು ನಡುಬಾಗಿಲು. ಮಾವ ತಮ್ಮ ಮೂವತ್ತನೇ ವಯಸ್ಸಿನಲ್ಲಿ ಮಾಡಿದ್ದು ಅದು. ಆಚೆ ಒಂದು ಚಿಲಕ, ಈಚೆ ಒಂದು ಚಿಲಕ. ಎರಡು ಯಾಕೆ ಎಂದು ನಾನು ಕೇಳಿದ್ದಕ್ಕೆ, “ಬಾಗಿಲು ಅಂದ್ಮೇಲೆ ಚಿಲಕ ಇರಬೇಕು. ಹಾಕಬೇಕು ಅಂತೇನಿಲ್ಲ” ಎಂದಿದ್ದರು.

ದೊಡ್ಡತ್ತೆ ದೋಣಿಕಟ್ಟೆಯ ಟಿಕೆಟ್ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು. ಗಂಡ ಇರಲಿಲ್ಲ. ಮಗಳು ದೂರದ ಪಟ್ಟಣದಲ್ಲಿ ಸಂಸಾರ ಹೂಡಿದ್ದಳು. ಬೆಳಿಗ್ಗೆ ಏಳಕ್ಕೆ ರೇಡಿಯೋದಲ್ಲಿ ಕಡಲ ಹವೆಯ ವರದಿ ಕೇಳುವ ಚಟ ನೌಕರಿಯ ಜೊತೆ ಬಂದದ್ದು, ನೌಕರಿ ಮುಗಿದ ಮೇಲೂ ಬಿಡಲಿಲ್ಲ. ವರದಿ ಮುಗಿದ ಕೂಡಲೇ ನಡುಬಾಗಿಲು ತೆಗೆದು ತಮ್ಮನಿಗೆ ಕೂಗುತ್ತಿದ್ದರು: “ಲೋ, ತೇವ ತೊಂಬತ್ತೊಂದು!” ಗಾಳಿಯಲ್ಲಿ ತೇವ ನೂರಕ್ಕೆ ಎಷ್ಟು ಎಂಬ ಲೆಕ್ಕ ಅದು. ಎಪ್ಪತ್ತರೊಳಗಿದ್ದರೆ ಮಾವ ಅಂಟು ಕಾಯಿಸಿ ಕೀಲು ಜೋಡಿಸುತ್ತಿದ್ದರು. ಎಂಬತ್ತೈದು ದಾಟಿತೋ, ಅಂಟಿನ ಡಬ್ಬಿಗೆ ಮುಚ್ಚಳ ಹಾಕಿ ಉಳಿ ಮಸೆಯುತ್ತ ಕೂರುತ್ತಿದ್ದರು. ಅರವತ್ತು ದಾಟಿದ ಮೇಸ್ತ್ರಿಯನ್ನು ‘ಲೋ’ ಎನ್ನುವ ಧೈರ್ಯ ಊರಿನಲ್ಲಿ ಇನ್ನಾರಿಗೂ ಇರಲಿಲ್ಲ. ಮಾವ “ಹೂಂ” ಎನ್ನುತ್ತಿದ್ದರು. ಅಕ್ಕ ತಮ್ಮನ ದಿನದ ಮಾತುಕತೆ ಬಹುಮಟ್ಟಿಗೆ ಇಷ್ಟೇ. ಇಷ್ಟರ ಮೇಲೆಯೇ ಇಬ್ಬರೂ ನಿಂತಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಇಲ್ಲಿ ವರ್ಷಕ್ಕೆ ನೆಟ್ಟಗೆ ಒಣಗುವುದು ಹತ್ತು ಹನ್ನೆರಡು ವಾರ. ಡಿಸೆಂಬರ್ ಮೊದಲ ವಾರದಲ್ಲಿ ಉತ್ತರದ ಗಾಳಿ ನೆಲದ ಮೇಲಿನಿಂದ ಹೊರಟು ಬರುತ್ತದೆ. ತುಟಿ ಒಡೆಯುತ್ತದೆ, ಮನೆಯ ತೊಲೆ ಜಂತಿಗಳೆಲ್ಲ ಟಕ್ ಟಕ್ ಎಂದು ಮೈ ಮುರಿಯುತ್ತವೆ. ಚಳಿ ಎಂದರೆ ಒಂದು ಸ್ವೆಟರಿಗೆ ಅಂಜುವ ಚಳಿ. ಫೆಬ್ರವರಿ ಕೊನೆಗೆ ಗಾಳಿ ತಿರುಗಿ ಕಡಲಿನ ಮಂಜು ಒಳಗೆ ಬರುತ್ತದೆ, ಗೋಡೆಗಳು ಬೆವರುತ್ತವೆ, ನೆಲ ಒರೆಸಿದಷ್ಟೂ ಒದ್ದೆ. ಮೇ ತಿಂಗಳಿಂದ ಸೆಕೆ, ಮಧ್ಯಾಹ್ನದ ಗುಡುಗು, ವಾರಗಟ್ಟಲೆ ಮಳೆ. ಸೆಪ್ಟೆಂಬರ್, ಅಕ್ಟೋಬರಿಗೆ ಎರಡೋ ಮೂರೋ ಬಿರುಗಾಳಿ. ನವೆಂಬರಿನಲ್ಲಿ ಆಕಾಶ ತೊಳೆದಿಟ್ಟಂತೆ ಇರುತ್ತದೆ, ಆದರೆ ಮರ ಇನ್ನೂ ಊದಿಕೊಂಡೇ ಇರುತ್ತದೆ. ಮರಕ್ಕೆ ಸುದ್ದಿ ತಡವಾಗಿ ಮುಟ್ಟುತ್ತದೆ ಎನ್ನುತ್ತಿದ್ದರು ಮಾವ.

ಇದನ್ನೆಲ್ಲ ಅವರು ಅಳೆಯುತ್ತಿದ್ದದ್ದು ಜೇಬಿನಲ್ಲಿದ್ದ ಎರಡು ಹಳೆಯ ನಾಣ್ಯಗಳಿಂದ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಣಗಾಲದಲ್ಲಿ ಎರಡೂ ನಾಣ್ಯ ಒಟ್ಟಿಗೆ ಹೋಗಬೇಕು. ಮಳೆಗಾಲದಲ್ಲಿ ಒಂದೂ ಹೋಗಬಾರದು. ಆದರೂ ಬಾಗಿಲು ಕಿರುಬೆರಳಿಗೆ ತೆರೆಯಬೇಕು. ಹಾಗೆ ಹನ್ನೆರಡು ತಿಂಗಳೂ ತೆರೆಯುತ್ತಿದ್ದ ಬಾಗಿಲು ಊರಿಗೆಲ್ಲ ಒಂದೇ, ನಮ್ಮ ನಡುಬಾಗಿಲು. ಮಾವನ ಅಹಂಕಾರವೆಲ್ಲ ಅದರಲ್ಲಿತ್ತು. ಗಿರಾಕಿಗಳನ್ನು ಒಳಗೆ ಕರೆದು, ಕಿರುಬೆರಳಿನಿಂದ ತಳ್ಳಿ ತೋರಿಸುತ್ತಿದ್ದರು. ಆಚೆ ದೊಡ್ಡತ್ತೆ ಊಟಕ್ಕೆ ಕೂತಿದ್ದರೂ ತೋರಿಸುತ್ತಿದ್ದರು. “ನಿನ್ನ ಜಂಬಕ್ಕೆ ನಾನು ತುತ್ತು ಬಿಟ್ಟು ಏಳಬೇಕೇನೋ?” ಎಂದು ಅವರು ಗದರುವರು.

ಆ ಬಾಗಿಲಿನ ಗುಟ್ಟು ನನಗೆ ಗೊತ್ತಿತ್ತು. ಪ್ರತಿ ವರ್ಷ ಜನವರಿಯ ಮೊದಲ ಭಾನುವಾರ ಅಕ್ಕ ತಮ್ಮ ಸೇರಿ ಅದನ್ನು ಬಿಚ್ಚಿ ಅಂಗಳಕ್ಕೆ ಹೊರುತ್ತಿದ್ದರು. ಮಾವ ಬಿಸಿಮಾಡಿದ ಅಗಸೆ ಎಣ್ಣೆಯನ್ನು ಮೇಲಂಚಿಗೂ ಕೆಳಂಚಿಗೂ ಕುಡಿಸುವರು. “ಮರದ ಬಾಯಿ ಇರೋದು ನೆತ್ತಿಯಲ್ಲಿ, ಅಂಗಾಲಲ್ಲಿ. ಈಗ ಎಣ್ಣೆ ಕುಡಿಸಿದ್ರೆ ಆಮೇಲೆ ನೀರು ಕುಡಿಯಲ್ಲ.” ಆ ಕೆಲಸಕ್ಕೆ ಬಾಗಿಲನ್ನು ನಿಲ್ಲಿಸಿ ಹಿಡಿಯಲು ಇನ್ನೊಬ್ಬರು ಬೇಕು. ಹಿಡಿಯುತ್ತಿದ್ದವರು ಮೂವತ್ತೆರಡು ವರ್ಷವೂ ದೊಡ್ಡತ್ತೆಯೇ. ನನ್ನ ಗಂಡ ಕೈ ಹಾಕಲು ಹೋದರೆ, “ನೀನು ಅಲುಗಾಡಿಸ್ತೀಯ” ಎಂದು ಇಬ್ಬರೂ ಸೇರಿ ಓಡಿಸುತ್ತಿದ್ದರು.

ಜಗಳವಾದದ್ದು ಕಿಟಕಿಯಿಂದ. ಒಂದು ಅಕ್ಟೋಬರಿನ ಬಿರುಗಾಳಿಯಲ್ಲಿ ದೊಡ್ಡತ್ತೆ ಮಲಗುವ ಕೋಣೆಯ ಕಿಟಕಿ ಊದಿ ಅರ್ಧಕ್ಕೇ ನಿಂತುಬಿಟ್ಟಿತು. ಮುಚ್ಚಲೂ ಬಾರದು, ತೆರೆಯಲೂ ಬಾರದು. ಹಾಸಿಗೆ, ದಿಂಬು, ರೇಡಿಯೋದ ಬಟ್ಟೆ, ಎಲ್ಲ ತೊಯ್ದು ತೊಪ್ಪೆ. ತಮ್ಮ ಬಂದು ನೋಡಿದರು, ಗೋಣಿತಾಟು ಬಡಿದರು, ಆಮೇಲೆ ಹೇಳಿದ್ದೇನು? “ಮೂರು ತಿಂಗಳು ತಡಿ ಅಕ್ಕ.” ಅವರು ತಡೆದರು. ಮೂರು ತಿಂಗಳು ಕೆಮ್ಮಿದರು ಕೂಡ. ಜನವರಿ ಹುಟ್ಟಿದ ಎರಡನೆಯ ದಿನ, ಮಾವ ಮರದ ಡಿಪೋಗೆ ಹೋಗಿದ್ದಾಗ, ಅಂಗಡಿಯವರನ್ನು ಕರೆಸಿ ತಮ್ಮ ಭಾಗದ ಐದೂ ಕಿಟಕಿಗಳಿಗೆ ಅಲ್ಯೂಮಿನಿಯಂ ಹಾಕಿಸಿಬಿಟ್ಟರು.

ಮಾವ ಬಂದು ನೋಡಿದಾಗ ಅವರ ಕೈಯಾರೆ ಮಾಡಿದ ಕಿಟಕಿಗಳು ಅಂಗಳದಲ್ಲಿ ಒಂದರ ಮೇಲೊಂದು ಬಿದ್ದಿದ್ದವು.

“ನನ್ನ ಮರ ನಿನಗೆ ಬೇಡವಾಯ್ತಾ?”

“ಮರಕ್ಕೆ ಮಾಡೋ ಉಪಚಾರದಲ್ಲಿ ಅರ್ಧ ನನಗೆ ಮಾಡಿದ್ರೆ ಬೇಡ ಅಂತಿರಲಿಲ್ಲ.”

“ಹಾಗಾದ್ರೆ ಬಾಗಿಲೂ ಅದರದ್ದೇ ಹಾಕಿಸ್ಕೋ.”

“ಹಾಕಿಸ್ಕೋತೀನಿ. ನಿನ್ನ ಅಪ್ಪಣೆ ಬೇಕಾ?”

ಮಾವ ಈಚೆ ಬಂದು ನಡುಬಾಗಿಲನ್ನು ಎಳೆದುಕೊಂಡರು. ಆ ಭಾನುವಾರ ಬಾಗಿಲು ಬಿಚ್ಚಲಿಲ್ಲ. ಎಣ್ಣೆಯ ಬಾಟಲಿ ಕಪಾಟಿನಲ್ಲೇ ಉಳಿಯಿತು. ಏಳು ಗಂಟೆಯ ಕೂಗೂ ನಿಂತಿತು. ಎರಡು ದಿನದ ಮುನಿಸು, ಮೂರನೇ ದಿನ ತಾನೇ ಇಳಿಯುತ್ತದೆ ಎಂದು ನಾನು ಸುಮ್ಮನಿದ್ದೆ. ಇಬ್ಬರೂ ಒಂದೇ ಮರದ ಹಟಮಾರಿ ಕೊಂಬೆಗಳು ಎಂಬುದನ್ನು ಮರೆತಿದ್ದೆ.

ಮಾರ್ಚಿನಲ್ಲಿ ಗೋಡೆ ಬೆವರತೊಡಗಿತು. ಆಚೆಯಿಂದ ಕೆಮ್ಮು ಕೇಳಿಸುತ್ತಿತ್ತು. ಒಂದು ಬೆಳಿಗ್ಗೆ ಮಾವ ಸ್ನಾನ ಮಾಡಿ, ತಲೆ ಬಾಚಿ, ಕೈಯಲ್ಲಿ ಜೇನಿನ ಸೀಸೆ ಹಿಡಿದು ನಡುಬಾಗಿಲ ಮುಂದೆ ನಿಂತರು. ಕಿರುಬೆರಳಿನಿಂದ ತಳ್ಳಿದರು. ಅಲುಗಲಿಲ್ಲ. ಅಂಗೈ ಇಟ್ಟು ತಳ್ಳಿದರು. ಅಲುಗಲಿಲ್ಲ. ನಮ್ಮ ಕಡೆಯ ಚಿಲಕ ತೆರೆದೇ ಇತ್ತು.

“ಆಚೆಯಿಂದ ಚಿಲಕ ಹಾಕ್ಕೊಂಡಿದ್ದಾಳೆ” ಎಂದರು ಮಾವ, ನನ್ನ ಕಡೆ ತಿರುಗದೆ.

ಮೂವತ್ತೆರಡು ವರ್ಷದಲ್ಲಿ ಆ ಚಿಲಕ ಒಮ್ಮೆಯೂ ಬಿದ್ದಿರಲಿಲ್ಲ. ಅವರು ಸೀಸೆಯನ್ನು ನನ್ನ ಕೈಗಿಟ್ಟು, “ನೀನೇ ಬೀದಿ ಕಡೆಯಿಂದ ಹೋಗಿ ಕೊಡು. ನಾನು ಕೊಟ್ಟೆ ಅನ್ನಬೇಡ. ಬಾಗಿಲ ಸುದ್ದಿ ಎತ್ತಿದ್ರೆ ನನ್ನ ಮೇಲಾಣೆ” ಎಂದರು.

ಬೀದಿ ಸುತ್ತಿ ಹೋದೆ. ದೊಡ್ಡತ್ತೆಯ ಮನೆಯಲ್ಲಿ ರೇಡಿಯೋ ಕಿವಿ ಹರಿಯುವಂತೆ ಬಡಿದುಕೊಳ್ಳುತ್ತಿತ್ತು. ಪಾಪ, ಕಿವಿ ಮಂದವಾಗುತ್ತಿದೆ ಎಂದುಕೊಂಡೆ. ನಡುಬಾಗಿಲಿಗೆ ಆಚೆಯಿಂದ ದಪ್ಪ ಪರದೆ ಇಳಿಬಿಟ್ಟಿದ್ದರು. ನನ್ನ ಕಣ್ಣು ಅತ್ತ ಹೋದದ್ದನ್ನು ಕಂಡು, ಜೇನು ತೆಗೆದುಕೊಳ್ಳುವ ಮೊದಲೇ, “ನೋಡು, ಆ ಬಾಗಿಲ ವಿಷಯ ನನ್ನ ಹತ್ರ ತೆಗೀಬೇಡ” ಎಂದರು. ಚಿಲಕ ಹಾಕಿದವರಿಗೆ ನಾಚಿಕೆ ಇರುತ್ತದಲ್ಲ, ಅದಕ್ಕೆ ಎಂದು ನಾನು ತಿಳಿದೆ. ಮನಸ್ಸಿನಲ್ಲಿ ಅವರನ್ನು ಚೆನ್ನಾಗಿ ಬೈದುಕೊಂಡೇ ಮನೆಗೆ ಬಂದೆ.

ಆಮೇಲಿನ ತಿಂಗಳುಗಳು ಮಾವನ ಕಸುಬಿಗೆ ಕೆಟ್ಟವು. ತೇವ ಎಷ್ಟೆಂದು ಹೇಳುವವರಿಲ್ಲ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದು ನನ್ನ ಉಪ್ಪಿನ ಡಬ್ಬಿಯಲ್ಲಿ ಬೆರಳಾಡಿಸಿ, “ಅರವತ್ತೆಂಟಿರಬೇಕು” ಎಂದು ಅಂದಾಜು ಕಟ್ಟುವರು. ಆ ಅಂದಾಜಿನ ಮೇಲೆ ಅಂಟು ಹಾಕಿದ ಕಪಾಟಿನ ಕಾಲು ಗಿರಾಕಿಯ ಮನೆ ಮುಟ್ಟುವ ಮೊದಲೇ ಗಾಡಿಯಲ್ಲಿ ಕಳಚಿ ಬಿತ್ತು. ಮೂವತ್ತು ವರ್ಷದ ಹೆಸರಿಗೆ ಅದು ಮೊದಲ ಪೆಟ್ಟು.

“ನಾವೂ ಒಂದು ರೇಡಿಯೋ ತರೋಣ ಮಾವ” ಎಂದೆ.

“ರೇಡಿಯೋ ಯಾಕೆ? ಅಕ್ಕ ಹೇಳ್ತಾಳಲ್ಲ” ಎಂದವರು ತಟ್ಟನೆ ಎದ್ದು ಹೋದರು.

ಏಳು ಗಂಟೆಗೆ ನಡುಬಾಗಿಲ ಬಳಿ ಏನೋ ಹುಡುಕುವವರಂತೆ ಸುಳಿದಾಡುತ್ತಿದ್ದುದನ್ನು ನಾನು ನೋಡಿದ್ದೇನೆ. ಆಚೆಯಿಂದ ಬರುತ್ತಿದ್ದದ್ದು ಬರೀ ಗುಂಯ್ ಎಂಬ ಸದ್ದು. “ಸಣ್ಣಗೆ ಇಟ್ಟಿದ್ದಾಳೆ. ನನಗೆ ಕೇಳಬಾರದು ಅಂತ.” ಆಚೆ ಅದು ಎಷ್ಟು ಜೋರಾಗಿ ಬಡಿದುಕೊಳ್ಳುತ್ತದೆಂದು ನಾನು ಕಿವಿಯಾರೆ ಕೇಳಿದ್ದೆ. ಅಕ್ಕ ಕಿವುಡಿಯಾಗುತ್ತಿದ್ದಾಳೆ ಎಂದರೆ ಮಾವನಿಗೆ ಸಂಕಟವಾದೀತೆಂದು ಹೇಳಲಿಲ್ಲ. ನಾನು ಬಾಯಿ ಮುಚ್ಚಿಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ, ಅದೂ ಬಾಯಿ ಬಿಡಬೇಕಾದ ಕಡೆ.

ನವೆಂಬರಿನಲ್ಲಿ ಸುದ್ದಿ ಬಂತು. ದೊಡ್ಡತ್ತೆ ಮಗಳ ಊರಿಗೆ ಹೊರಟಿದ್ದರು, ಇನ್ನು ಅಲ್ಲೇ. ಅವರ ಭಾಗವನ್ನು ಒಬ್ಬ ಹಲ್ಲಿನ ಡಾಕ್ಟರಿಗೆ ಬಾಡಿಗೆಗೆ ಕೊಡುವುದೆಂದು ಮಾತಾಗಿತ್ತು. ಡಾಕ್ಟರು ಕೇಳಿದ್ದು ಒಂದೇ, ನಡುಬಾಗಿಲು ಕಿತ್ತು ಆ ಜಾಗಕ್ಕೆ ಇಟ್ಟಿಗೆ ಕಟ್ಟಿಸಬೇಕು. ಗಾರೆಯವನು ಡಿಸೆಂಬರ್ ಹತ್ತೊಂಬತ್ತಕ್ಕೆ ಬರುವುದು, ಮರುದಿನ ದೊಡ್ಡತ್ತೆಯ ಪಯಣ. ನನ್ನ ಗಂಡ ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಮಾವ ತಟ್ಟೆ ನೋಡುತ್ತ, “ಕಟ್ಟಲಿ” ಎಂದರು. ಅಷ್ಟು ಹೇಳಿ ಅರ್ಧ ಅನ್ನ ಹಾಗೇ ಬಿಟ್ಟು ಕೈ ತೊಳೆದರು. ಒಮ್ಮೆ ಗೋಡೆ ಎದ್ದರೆ ಅಕ್ಕ ಮತ್ತೆ ಈ ಮನೆಗೆ ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆ ವರ್ಷ ಉತ್ತರದ ಗಾಳಿ ತಡಮಾಡಿತು. ಹದಿನೈದನೇ ತಾರೀಖಾದರೂ ಟವೆಲ್ಲು ಒಣಗಲಿಲ್ಲ. ಹದಿನಾರರ ಸಂಜೆ ಗಾಳಿ ತಿರುಗಿತು. ಹದಿನೇಳು, ಹದಿನೆಂಟು, ಎರಡೂ ದಿನ ಮನೆಯ ಮರವೆಲ್ಲ ಟಕ್ ಟಕ್ ಎನ್ನುತ್ತಿತ್ತು. ಇಟ್ಟಿಗೆ ಬಂದು ಅಂಗಳದಲ್ಲಿ ಇಳಿದಾಗಿತ್ತು.

ಹತ್ತೊಂಬತ್ತರ ಬೆಳಿಗ್ಗೆ ನಾನು ಬೀದಿಬಾಗಿಲು ತೆರೆದಿಟ್ಟು ಕಸ ಗುಡಿಸುತ್ತಿದ್ದೆ. ಗಾಳಿ ಬೆನ್ನಿಗೆ ತಣ್ಣಗೆ ಬಡಿಯುತ್ತಿತ್ತು. ನಡುಬಾಗಿಲ ಕಡೆ ಟಕ್ ಎಂದಿತು. ತಲೆಯೆತ್ತಿದರೆ ಚೌಕಟ್ಟಿನ ಉದ್ದಕ್ಕೂ ಒಂದು ಬೆಳಕಿನ ಗೆರೆ. ನೋಡುನೋಡುತ್ತಿದ್ದಂತೆ ಬಾಗಿಲು ಕಿರ್ರೆಂದು ಗೇಣುದ್ದ ತೆರೆದುಕೊಂಡಿತು. ದೊಡ್ಡತ್ತೆಯೇ ತೆರೆದರೆಂದು ನಾನು ಪೊರಕೆ ಬಿಟ್ಟು ಓಡಿದೆ. ಆಚೆ ಯಾರೂ ಇರಲಿಲ್ಲ, ಪರದೆ ಮಾತ್ರ ಗಾಳಿಗೆ ಉಬ್ಬಿತ್ತು.

“ಮಾವಾ!”

ಮಾವ ಹಲ್ಲುಜ್ಜುತ್ತಿದ್ದವರು ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಬಂದರು. ಬಾಗಿಲು ನೋಡಿದರು. ಅದರ ಅಂಚಿನಿಂದ ಆಚೆಗೆ ಇಣುಕಿದರು. ಆಚೆಯ ಚಿಲಕವೂ ತೆರೆದೇ ಇತ್ತು. ತೆರೆದ ಚಿಲಕಕ್ಕೂ ಬಾಗಿಲ ಪಟ್ಟಿಗೂ ನಡುವೆ ಜೇಡ ಬಲೆ ಕಟ್ಟಿ, ಆ ಬಲೆಯ ಮೇಲೆ ಧೂಳು ಕೂತಿತ್ತು. ಎಷ್ಟೋ ತಿಂಗಳ ಧೂಳು. ಮಾವ ಕೈ ಮೇಲೆತ್ತಿ ಬಾಗಿಲಿನ ಮೇಲಂಚನ್ನು ಮುಟ್ಟಿದರು. ಬೆರಳು ಅಲ್ಲೇ ನಿಂತಿತು. ನಾನೂ ಆಮೇಲೆ ಮುಟ್ಟಿ ನೋಡಿದೆ. ಎಣ್ಣೆ ಕಾಣದೆ ಒರಟೊರಟಾಗಿ, ನಾರು ಎದ್ದುಹೋಗಿತ್ತು.

ಅಷ್ಟರಲ್ಲಿ ಪರದೆ ಸರಿಸಿಕೊಂಡು ದೊಡ್ಡತ್ತೆ ಬಂದರು. ಪಯಣಕ್ಕೆ ಕಟ್ಟುತ್ತಿದ್ದ ಗಂಟಿನ ಹಗ್ಗ ಕೈಯಲ್ಲೇ ಇತ್ತು.

“ಈಗ ತೆಗೆದ್ಯೇನೋ ಚಿಲಕ? ಗಾರೆಯವನು ಬರೋ ದಿನ ತೆಗೆದ್ಯಾ?”

ಮಾವ ಬಾಯಿಂದ ಬ್ರಷ್ಷು ತೆಗೆದರು. “ನಾನು ಹಾಕೇ ಇರಲಿಲ್ಲ ಅಕ್ಕ.”

“ಸುಳ್ಳು ಹೇಳಬೇಡ. ಮಾರ್ಚ್ ಮೊದಲಲ್ಲೇ ಎರಡು ಕೈಲಿ ಎಳೆದೆ, ಗೋಡೆಗೆ ಕಾಲು ಕೊಟ್ಟು ಎಳೆದೆ. ಬರಲಿಲ್ಲ.”

“ನಾನೂ ಮಾರ್ಚಿನಲ್ಲೇ ತಳ್ಳಿದ್ದೆ. ನೀನು ಹಾಕ್ಕೊಂಡಿದೀಯ ಅಂದ್ಕೊಂಡೆ.” ಮಾವನ ದನಿ ಇಳಿಯಿತು. “ಊದಿತ್ತು ಅಕ್ಕ.”

ದೊಡ್ಡತ್ತೆ ಅವರನ್ನು ನೋಡಿದರು, ಬಾಗಿಲನ್ನು ನೋಡಿದರು. “ನಿನ್ನ ಬಾಗಿಲಾ? ನಿನ್ನ ಬಾಗಿಲು ಊದಲ್ವಲ್ಲೋ.”

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಊರ ಬಾಗಿಲೆಲ್ಲ ಊದುತ್ತದೆಂದು ಊರಿಗೇ ಪಾಠ ಹೇಳುವ ಮನುಷ್ಯ ತನ್ನ ಬಾಗಿಲು ಊದೀತೆಂದು ಅಂದುಕೊಳ್ಳಲಿಲ್ಲ. ಅಕ್ಕನಾದವರೂ ಅಂದುಕೊಳ್ಳಲಿಲ್ಲ. ಇಬ್ಬರೂ ಆ ಹಲಗೆಯನ್ನು ನಂಬಿದರು, ಒಬ್ಬರನ್ನೊಬ್ಬರು ನಂಬಲಿಲ್ಲ. ಇದನ್ನು ನಾನು ಬಾಯಿಬಿಟ್ಟೇ ಹೇಳಿದೆ. ಸೊಸೆಯಾದವಳು ಹಾಗೆ ಹೇಳಬಾರದಿತ್ತು, ಆದರೆ ಹತ್ತು ತಿಂಗಳು ಬೀದಿ ಸುತ್ತಿ ಓಡಾಡಿದವಳು ನಾನು.

“ರೇಡಿಯೋನ ಎಷ್ಟು ಜೋರಾಗಿ ಇಡ್ತಿದ್ದೆ ಗೊತ್ತಾ?” ಎಂದರು ದೊಡ್ಡತ್ತೆ. “ನಿನಗೆ ತೇವ ಎಷ್ಟೂಂತ ಕೇಳಲಿ ಅಂತ.” ಮಾವ ಹೊಸಿಲ ಮೇಲೆ ಕೂತುಬಿಟ್ಟರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಕ್ಕನ ಕೈ ಅವರ ತಲೆಯ ಮೇಲಿತ್ತು, ಇನ್ನೊಂದು ಕೈಯಲ್ಲಿ ಇನ್ನೂ ಆ ಹಗ್ಗ.

ಎಂಟು ಗಂಟೆಗೆ ಗಾರೆಯವನು ಕರಣೆ ಬಾಂಡ್ಲಿ ಹೊತ್ತು ಬಂದ. “ಎಲ್ಲಿಂದ ಶುರುಮಾಡ್ಲಿ ಅಮ್ಮ?” ಎಂದು ಕೇಳಿದ.

ದೊಡ್ಡತ್ತೆ ಒಮ್ಮೆ ತಮ್ಮನ ಕಡೆ ನೋಡಿ, ಗಂಭೀರವಾಗಿ, “ಮೂರು ತಿಂಗಳು ತಡಿಯಪ್ಪ, ತಾನೇ ಸರಿಹೋಗತ್ತೆ” ಎಂದರು. ಅವನು ಗೊಣಗುತ್ತ ಹೋದ. ಹಲ್ಲಿನ ಡಾಕ್ಟರಿಗೆ ಬೇರೆ ಮನೆ ಸಿಕ್ಕಿತು. ಇಟ್ಟಿಗೆಯನ್ನು ನಾನು ಅಂಗಳದ ಗಿಡಗಳಿಗೆ ಸುತ್ತುಕಟ್ಟೆ ಮಾಡಿಕೊಂಡೆ.

ಜನವರಿಯ ಭಾನುವಾರಕ್ಕೆ ಮಾವ ಕಾಯಲಿಲ್ಲ. ಅಂದೇ ಬಾಗಿಲು ಬಿಚ್ಚಿದರು. ದೊಡ್ಡತ್ತೆ ಒಂದು ಕೊನೆ ಹಿಡಿದರು. ನಾನು ಎಣ್ಣೆ ಬಿಸಿಗಿಟ್ಟು ಬಂದು ನೋಡಿದರೆ ಮಾವ ಉಜ್ಜುಗೊರಡು ಹಿಡಿದು ಬಾಗಿಲಿನ ಅಂಚನ್ನು ಹೆರೆಯುತ್ತಿದ್ದರು. ಸುರುಳಿ ಸುರುಳಿಯಾಗಿ ಮರದ ಸಿಪ್ಪೆ ಬೀಳುತ್ತಿತ್ತು. ಎರಡು ನಾಣ್ಯ ಹೋಗುವ ಸಂದಿ ಮೊದಲೇ ಇತ್ತು. ಅವರು ಹೆರೆಯುತ್ತಲೇ ಹೋದರು.

“ಮಾವ, ಸಾಕು! ಸಂದಿಯಲ್ಲಿ ಬೆಕ್ಕು ಓಡಾಡತ್ತೆ ಅಂತ ನೀವೇ ಹೇಳ್ತೀರಲ್ಲ?”

“ಓಡಾಡಲಿ.”

“ಗಿರಾಕಿಗಳು ನೋಡಿದ್ರೆ ನಗ್ತಾರೋ” ಎಂದರು ದೊಡ್ಡತ್ತೆ.

“ನಗಲಿ. ಬಿಗಿಯಾಗಿ ಕೂರೋ ಬಾಗಿಲು ಊರಿಗೆ ಮಾಡಿಕೊಡ್ತೀನಿ. ಅಲುಗಾಡಿಸಬೇಡ, ಗಟ್ಟಿಯಾಗಿ ಹಿಡ್ಕೋ.”

ಮತ್ತೆ ಕೀಲಿಗೆ ಏರಿಸಿದಾಗ ಸಂದಿಯಲ್ಲಿ ನನ್ನ ಹೆಬ್ಬೆರಳು ಹೋಗುತ್ತಿತ್ತು. ಊರಿನ ಅತಿ ಒಳ್ಳೆಯ ಬಡಗಿಯ ಮನೆಯಲ್ಲಿ ಊರಿನ ಅತಿ ಕೆಟ್ಟ ಬಾಗಿಲು. ಗಾಳಿ ಬರುತ್ತದೆ, ಬೆಳಕು ಬರುತ್ತದೆ, ದೊಡ್ಡತ್ತೆ ಒಗ್ಗರಣೆ ಹಾಕಿದರೆ ನಾವು ಸೀನುತ್ತೇವೆ.

ಮರುದಿನ ಬೆಳಿಗ್ಗೆ ಏಳಕ್ಕೆ ರೇಡಿಯೋ ಸಣ್ಣ ದನಿಯಲ್ಲಿ ಮಾತಾಡಿತು. ಆ ಸಂದಿಯಿಂದ ಪ್ರತಿಯೊಂದು ಮಾತೂ ನಮ್ಮ ಮನೆಗೆ ಕೇಳಿಸಿತು. ತೇವ ನಲವತ್ತೆರಡು ಎಂದು ಮಾವನೂ ಕೇಳಿಸಿಕೊಂಡರು, ನಾನು ನೋಡಿದೆ. ಅಂಟಿನ ಡಬ್ಬಿ ಪಕ್ಕದಲ್ಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ. ಉಳಿ ಕೆಳಗಿಟ್ಟು, ಕೈ ಕಟ್ಟಿ, ಬಾಗಿಲನ್ನೇ ನೋಡುತ್ತ ಕೂತರು. ಬಾಗಿಲು ತೆರೆಯಿತು.

“ಲೋ, ತೇವ ನಲವತ್ತೆರಡು!”

“ಹೂಂ” ಎಂದು ಮಾವ ಅಂಟು ಕಾಯಿಸಲು ಎದ್ದರು.